ಶ್ರೀಗಂಧದ ಸಿರಿಯೂ ಕಾಡಿನ ಕಲಹವೂ

(ಬಾನುಲಿ ಭಾಷಣ)

ಲಗ್ನಗಳ ಕಾಲ ಬಂದಿತೆಂದರೆ ಬೆಂಗಳೂರಿನ ನಮ್ಮ ಬಳೇಪೇಟೆಯ ಬೀದಿಗಳಲ್ಲಿ ನಾಡಿನ ನಾಲ್ಕು ಮೂಲೆಗಳ ಜನರನ್ನೂ ಕಾಣಬಹುದು. ಹೆಣ್ಣಿನ ಕಡೆಯವರು ಧಾರೆಯ ಸೀರೆಯನ್ನಾರಿಸಿ, ಮುತ್ತೈದೆಯರಿಗೆಂದು ಬಳೆಗಳನ್ನು ಕೊಂಡು, ಓಲಗದವರಿಗೆ ಮುಂಗಡ ಕೊಟ್ಟು, ಕಟ್ಟಕಡೆಗೆ ಬಂದು ನಿಲ್ಲುವುದು ಗ್ರಂಧಿಗೆ ಅಂಗಡಿಯ ಮುಂದೆ. ಅರಿಸಿನದ ಕೊಂಬು, ಪಚ್ಚಕರ್ಪೂರ, ಕೇಸರಿ, ಲಾವಂಚದ ಬೇರು ಇವುಗಳ ನಡುವೆ, ಉಳಿದೆಲ್ಲವನ್ನೂ ಕೈಯಳತೆಯಲ್ಲಿ ತೆಗೆದುಕೊಡುವ ವರ್ತಕರು, ಶ್ರೀಗಂಧದ ಚಕ್ಕೆಯನ್ನು ಮಾತ್ರ ಸಣ್ಣ ತಕ್ಕಡಿಯಲ್ಲಿಟ್ಟು, ಮುಳ್ಳು ನಿಲ್ಲುವವರೆಗೂ ಕಾದು, ಬಂಗಾರವನ್ನು ತೂಗುವ ಎಚ್ಚರದಿಂದ ತೂಗಿ ಪೊಟ್ಟಣ ಕಟ್ಟುತ್ತಾರೆ. ಆ ಪೊಟ್ಟಣ ಮನೆಗೆ ಬರುತ್ತದೆ; ಸಾಣೆಕಲ್ಲಿನ ಮೇಲೆ ತೇಯಲ್ಪಡುತ್ತದೆ; ದೇವರ ಹಣೆಗೂ ಬೀಗರ ಕೈಗೂ ಲೇಪವಾಗುತ್ತದೆ. ಹುಟ್ಟಿನಲ್ಲಿ, ಮದುವೆಯಲ್ಲಿ, ಚಿತೆಯಲ್ಲಿ ಗಂಧವಿಲ್ಲದೆ ನಮಗೆ ನಡೆಯದು. ಆದರೆ ಅದು ಯಾವ ನೆಲದಲ್ಲಿ ಬೆಳೆಯಿತು, ಅದನ್ನು ಕಡಿದವರು ಯಾರು, ಅದರ ಸಲುವಾಗಿ ಎಷ್ಟು ಮನೆಗಳ ದೀಪ ಆರಿಹೋಯಿತು ಎಂಬ ವಿಚಾರವನ್ನು ಆ ಹೊತ್ತಿನಲ್ಲಿ ಯಾರೂ ಎತ್ತುವುದಿಲ್ಲ. ಮಂಗಳಕಾರ್ಯದ ನಡುವೆ ಎತ್ತಬೇಕಾದ ಮಾತೂ ಅದಲ್ಲ. ಆದುದರಿಂದಲೇ ಇಂದು, ಬಿಡುವಾಗಿ ಕುಳಿತು ಕೇಳುತ್ತಿರುವ ತಮ್ಮೆದುರಿಗೆ, ಆ ವಿಚಾರವನ್ನು ಎತ್ತಿಕೊಳ್ಳಬೇಕೆಂದು ಬಯಸಿದ್ದೇನೆ.

ಒಂದು ನಾಡಿಗೆ ಪ್ರಕೃತಿ ಸಂಪತ್ತನ್ನು ಕೊಟ್ಟಾಗ ಆ ನಾಡಿನ ಜನ ಸುಖವಾಗಿ ಬಾಳಬೇಕೆಂಬುದು ಸಹಜವಾದ ನಿರೀಕ್ಷೆ. ಆದರೆ ವಜ್ರ, ಚಿನ್ನ, ಎಣ್ಣೆ, ಬೆಲೆಬಾಳುವ ಮರ ಇವು ಹೇರಳವಾಗಿರುವೆಡೆಯಲ್ಲೇ ಪ್ರಜೆಗಳು ಪ್ರಜೆಗಳ ಮೇಲೆ ಆಯುಧವೆತ್ತಿದ ನಿದರ್ಶನಗಳು ಲೋಕದಲ್ಲಿ ಹೇರಳವಾಗಿವೆ. ಇದಕ್ಕೆ ಮನುಷ್ಯನ ದುರಾಶೆಯೊಂದೇ ಕಾರಣವೆಂದು ಹೇಳಿ ಮುಗಿಸಿಬಿಡುವುದು ಸುಲಭ. ಆದರೆ ದುರಾಶೆ ಎಲ್ಲ ಕಡೆಯಲ್ಲಿಯೂ ಉಂಟು, ಕಲಹ ಮಾತ್ರ ಕೆಲವು ಕಡೆಗಳಲ್ಲಿ ಉಂಟು. ಹಾಗಾದರೆ ಸಂಪತ್ತು ಯಾವಾಗ ಕಲಹವಾಗುತ್ತದೆ, ಯಾವಾಗ ಆಗುವುದಿಲ್ಲ? ಈ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ನಾವು ಕಡಲು ದಾಟಿ ಹೋಗಬೇಕಾಗಿಲ್ಲ. ಬೆಂಗಳೂರಿನಿಂದ ತೆಂಕಣಕ್ಕೆ ಹೊರಟು ಕೊಳ್ಳೇಗಾಲವನ್ನು ದಾಟಿ ಮಲೆಯ ಮಹದೇಶ್ವರನ ಬೆಟ್ಟದ ಸೀಮೆಯನ್ನು ಹೊಕ್ಕರೆ ಸಾಕು.

ಮೊದಲು ಮರದ ಗುಣವನ್ನು ತಿಳಿಯೋಣ. ಶ್ರೀಗಂಧದ ಗಿಡ ಎಳೆಯದಾಗಿರುವಾಗಿನಿಂದಲೂ ತನ್ನ ಬೇರುಗಳನ್ನು ನೆರೆಯ ಗಿಡಗಳ ಬೇರುಗಳಿಗೆ ಕಚ್ಚಿಸಿ ಅವುಗಳಿಂದ ಆಹಾರದ ಒಂದು ಭಾಗವನ್ನು ಪಡೆಯುತ್ತದೆ; ಒಂಟಿಯಾಗಿ ನೆಟ್ಟರೆ ಸೊರಗುತ್ತದೆ. ಅದರ ಪರಿಮಳವೆಲ್ಲವೂ ಇರುವುದು ಮರದ ಒಳಗಿನ ಚೇಗಿನಲ್ಲಿ ಮತ್ತು ಬೇರಿನಲ್ಲಿ. ಹೊರಗಿನ ಬಿಳಿಯ ಭಾಗಕ್ಕೆ ವಾಸನೆಯೂ ಇಲ್ಲ, ಬೆಲೆಯೂ ಇಲ್ಲ. ಹತ್ತು ಹದಿನೈದು ವರ್ಷಗಳಾಗುವವರೆಗೆ ಚೇಗು ಕಟ್ಟಲು ಮೊದಲಾಗುವುದಿಲ್ಲ; ಅದು ಚೆನ್ನಾಗಿ ಬಲಿಯಬೇಕಾದರೆ ಮೂವತ್ತಕ್ಕೂ ಮಿಕ್ಕಿ ವರ್ಷಗಳು ಬೇಕು. ಬೇರಿನಲ್ಲಿಯೇ ಎಣ್ಣೆ ಅಧಿಕವಾಗಿರುವುದರಿಂದ ತಿಳಿದವರು ಈ ಮರವನ್ನು ಬುಡದಲ್ಲಿ ಕಡಿಯುವುದಿಲ್ಲ, ಬೇರುಸಹಿತ ಅಗೆದು ತೆಗೆಯುತ್ತಾರೆ. ಒಂದು ತಲೆಮಾರಿನವರು ಕಾದರೆ ಮುಂದಿನ ತಲೆಮಾರಿನವರಿಗೆ ಫಲ ಕೊಡುವ ಮರವಿದು. ಕಾಯುವ ತಾಳ್ಮೆ ಮನುಷ್ಯನಿಗೆ ಹೇಗೆ ಬರುತ್ತದೆ? ಕಾದದ್ದರ ಫಲ ತನ್ನ ಮಕ್ಕಳಿಗೆ ಸಲ್ಲುವುದೆಂಬ ನಂಬಿಕೆಯಿಂದ ಮಾತ್ರ ಬರುತ್ತದೆ. ಈ ಮಾತನ್ನು ಶ್ರೋತೃಗಳು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಇಂದಿನ ಭಾಷಣದ ತಾತ್ಪರ್ಯವೆಲ್ಲ ಇದರಲ್ಲಿಯೇ ಇದೆ.

1792ರಲ್ಲಿ ಟಿಪ್ಪು ಸುಲ್ತಾನನು ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದನು. ಅವನ ತರುವಾಯ ಆಳಿದ ಮೈಸೂರಿನ ಅರಸರೂ, ಬ್ರಿಟಿಷ್ ಕಮಿಷನರುಗಳೂ, ಸ್ವಾತಂತ್ರ್ಯಾನಂತರದ ಸರ್ಕಾರಗಳೂ ಆ ಕಟ್ಟಳೆಯ ಸಾರವನ್ನು ಹಾಗೆಯೇ ಉಳಿಸಿಕೊಂಡು ಬಂದರು. ಮರ ಕಾಡಿನಲ್ಲಿರಲಿ, ರೈತನ ಹೊಲದ ಬದುವಿನಲ್ಲಿರಲಿ, ಮನೆಯ ಹಿತ್ತಲಿನಲ್ಲಿರಲಿ, ಅದು ಸರ್ಕಾರದ್ದಾಗಿತ್ತು. ಮರಕ್ಕೆ ಹಾನಿಯಾದರೆ ನೆಲದೊಡೆಯನು ಉತ್ತರ ಹೇಳಬೇಕಾಗಿತ್ತು. ಮರ ಬಲಿತರೆ ಸರ್ಕಾರದವರು ಬಂದು ಅಗೆದು ಗಂಧದ ಕೋಠಿಗೆ ಸಾಗಿಸುತ್ತಿದ್ದರು. ಕಾಲಾನುಕ್ರಮದಲ್ಲಿ ಬೆಲೆಯ ಒಂದು ಭಾಗವನ್ನು ನೆಲದೊಡೆಯನಿಗೆ ಕೊಡುವ ಏರ್ಪಾಡು ಬಂದಿತಾದರೂ, ಕಚೇರಿಯಿಂದ ಕಚೇರಿಗೆ ಅಲೆದು ಆ ಹಣವನ್ನು ಪಡೆಯುವುದಕ್ಕಿಂತ ಮರವೇ ಇಲ್ಲದಿರುವುದು ಲೇಸೆಂದು ರೈತನಿಗೆ ತೋರಿತು. ಹಕ್ಕಿಗಳು ಬೀಜವನ್ನುದುರಿಸಿ ಬೇಲಿಯ ಸಾಲಿನಲ್ಲಿ ತಾನಾಗಿ ಎದ್ದ ಸಸಿಯನ್ನು ಅವನು ಮೊಳಕೆಯಲ್ಲಿಯೇ ಕಿತ್ತುಹಾಕುತ್ತಿದ್ದನು. ತನ್ನ ನೆಲದಲ್ಲಿ ಹುಟ್ಟಿದ ಸಿರಿಯನ್ನು ತಾನೇ ಕಿತ್ತೊಗೆಯುವ ಸ್ಥಿತಿಗೆ ಒಕ್ಕಲಿಗನನ್ನು ತಂದ ಕಾಯಿದೆ, ಮರವನ್ನು ರಕ್ಷಿಸುವುದಕ್ಕಾಗಿಯೇ ಹುಟ್ಟಿದ ಕಾಯಿದೆಯಾಗಿತ್ತೆಂಬುದನ್ನು ನೆನೆದರೆ ಮನಸ್ಸಿಗೆ ನೋವಾಗುತ್ತದೆ.

ನ್ಯಾಯವಾಗಿ ಹೇಳಬೇಕಾದರೆ, ಈ ಏಕಸ್ವಾಮ್ಯದಿಂದ ನಾಡಿಗೆ ಹಿತವೂ ಆಯಿತು. ಮೊದಲನೆಯ ಮಹಾಯುದ್ಧ ಮೊದಲಾದಾಗ, ಅದುವರೆಗೆ ಹರಾಜಿನಲ್ಲಿ ಮಾರಾಟವಾಗಿ ಬಹುಮಟ್ಟಿಗೆ ಜರ್ಮನಿಗೆ ಹೋಗುತ್ತಿದ್ದ ಮೈಸೂರಿನ ಗಂಧದ ಮರಕ್ಕೆ ಗಿರಾಕಿಗಳಿಲ್ಲದಂತಾಯಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ದಿವಾನ್ ವಿಶ್ವೇಶ್ವರಯ್ಯನವರ ಪ್ರೋತ್ಸಾಹದಿಂದ, ಆಲ್ಫ್ರೆಡ್ ಚಾಟರ್ಟನ್ ಅವರ ಮೇಲ್ವಿಚಾರಣೆಯಲ್ಲಿ, ಬೆಂಗಳೂರಿನ ವಿಜ್ಞಾನ ಮಂದಿರದ ಸಡ್ಬರೋ ಮತ್ತು ವಾಟ್ಸನ್ ಎಂಬ ವಿದ್ವಾಂಸರು ಎಣ್ಣೆಯನ್ನು ಭಟ್ಟಿಯಿಳಿಸುವ ಕ್ರಮವನ್ನು ಸಿದ್ಧಪಡಿಸಿದರು. 1916ರಿಂದೀಚೆಗೆ ಗಂಧದೆಣ್ಣೆ ನಮ್ಮಲ್ಲಿಯೇ ತಯಾರಾಗತೊಡಗಿತು. 1918ರಲ್ಲಿ ಬೆಂಗಳೂರಿನ ಸಾಬೂನು ಕಾರ್ಖಾನೆ ಹುಟ್ಟಿತು. ಅದಕ್ಕೆ ವಿದ್ಯೆಯನ್ನು ತಂದವರು ಸೋಸಲೆ ಗರಳಪುರಿ ಶಾಸ್ತ್ರಿಗಳು. ಮೈಸೂರು ಸ್ಯಾಂಡಲ್ ಸಾಬೂನನ್ನು ಅರಿಯದ ಮನೆ ಕನ್ನಡನಾಡಿನಲ್ಲಿ ಇಲ್ಲ. ಹೀಗೆ ಸಂಪತ್ತು ಕಾರ್ಖಾನೆಯಾಯಿತು, ಉದ್ಯೋಗವಾಯಿತು, ಬೊಕ್ಕಸಕ್ಕೆ ಆದಾಯವಾಯಿತು. ಆದರೆ ಮರ ಬೆಳೆದ ಕಾಡಂಚಿನ ಊರುಗಳಿಗೆ ಆ ಆದಾಯದಿಂದ ಒಂದು ದವಾಖಾನೆ, ಒಂದು ಶಾಲೆ, ಒಂದು ಕುಡಿಯುವ ನೀರಿನ ಬಾವಿ ಹಿಂದಿರುಗಿ ಬಂದಿತೇ ಎಂದು ಕೇಳಿದರೆ, ಹೌದೆನ್ನುವ ಧೈರ್ಯ ಯಾರಿಗೂ ಇರಲಾರದು.

ಈಗ ಕೊಂಚ ಹೊರಗಿನ ಲೋಕವನ್ನು ನೋಡೋಣ. ಕಳೆದ ಶತಮಾನದ ಕೊನೆಯ ವರ್ಷಗಳಲ್ಲಿ ಪಾಲ್ ಕಾಲಿಯರ್ ಮತ್ತು ಆಂಕೆ ಹೋಫ್ಲರ್ ಎಂಬ ಅರ್ಥಶಾಸ್ತ್ರಜ್ಞರು ಹಲವು ದೇಶಗಳ ಅಂತರ್ಯುದ್ಧಗಳನ್ನು ಪರಿಶೀಲಿಸಿ, ಕಚ್ಚಾ ಸರಕಿನ ರಫ್ತನ್ನೇ ನೆಮ್ಮಿದ ದೇಶಗಳಲ್ಲಿ ಅಂತಃಕಲಹದ ಅಪಾಯ ಹೆಚ್ಚೆಂದು ಪ್ರತಿಪಾದಿಸಿದರು. ಅವರ ತರುವಾಯ ಬಂದ ಪಂಡಿತರು ಆ ಮಾತನ್ನು ತಿದ್ದಿ ಬೆಳಸಿ, ಎಲ್ಲ ಸಂಪತ್ತೂ ಒಂದೇ ಬಗೆಯ ಕಲಹವನ್ನು ಹುಟ್ಟಿಸುವುದಿಲ್ಲವೆಂದೂ, ಸಲಕರಣೆಯಿಲ್ಲದೆ ಬರಿಗೈಯಲ್ಲಿ ತೆಗೆದು ಹೊತ್ತೊಯ್ಯಬಹುದಾದ ಸರಕೇ ಬಂಡುಗಾರನ ಕೈಗೆ ಬಲವನ್ನು ಕೊಡುವುದೆಂದೂ ತೋರಿಸಿದರು. ಪಶ್ಚಿಮ ಆಫ್ರಿಕದ ಸಿಯೆರ್ರಾ ಲಿಯೋನ್ ದೇಶದಲ್ಲಿ ವಜ್ರಗಳು ಹೊಳೆಯ ಮರಳಿನಲ್ಲಿಯೇ ದೊರಕುತ್ತವೆ. ಗುದ್ದಲಿ ಮತ್ತು ಜರಡಿ ಇದ್ದರೆ ಸಾಕು. 1935ರಲ್ಲಿ ಅಲ್ಲಿನ ವಸಾಹತು ಸರ್ಕಾರ ವಜ್ರ ತೆಗೆಯುವ ಹಕ್ಕನ್ನು ಒಂದೇ ಕಂಪೆನಿಗೆ 99 ವರ್ಷಗಳ ಅವಧಿಗೆ ಬರೆದುಕೊಟ್ಟಿತು. ಅಂದಿನಿಂದ, ತಾನು ಹುಟ್ಟಿದ ಊರಿನ ಹೊಳೆಯಲ್ಲಿ ಮರಳು ಜಾಲಿಸಿದ ಹಳ್ಳಿಯವನು ಕಳ್ಳನೆನಿಸಿದನು. 1991ರಲ್ಲಿ ದಂಗೆ ಮೊದಲಾದಾಗ ಬಂಡುಗಾರರು ವಜ್ರದ ಸೀಮೆಯನ್ನು ವಶಪಡಿಸಿಕೊಂಡು, ವಜ್ರವನ್ನು ಮಾರಿ ಬಂದೂಕನ್ನು ಕೊಂಡರು. 2002ರವರೆಗೆ ಆ ದೇಶ ಉರಿಯಿತು. ನಮ್ಮ ರಾಜವೃಕ್ಷದ ಕಟ್ಟಳೆಗೂ ಆ ಕಂಪೆನಿಯ ಕರಾರಿಗೂ ಇರುವ ಹೋಲಿಕೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಸರಕಿನ ಸ್ವಭಾವ ಕಲಹದ ಸ್ವಭಾವವನ್ನು ನಿರ್ಣಯಿಸುವುದೆಂಬ ಮಾತಿಗೆ ನಮ್ಮ ನಾಡಿನೊಳಗೇ ಸ್ಪಷ್ಟವಾದ ಪ್ರಮಾಣವಿದೆ. ಕೋಲಾರದ ಚಿನ್ನ ಗಂಧಕ್ಕಿಂತ ಬೆಲೆಯುಳ್ಳದ್ದು. ಆದರೆ ಅದು ನೆಲದಾಳದ ಬಂಡೆಯಲ್ಲಿ ಅಡಗಿತ್ತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಅದನ್ನು ಮೇಲೆತ್ತಲು ಜಾನ್ ಟೇಲರ್ ಕಂಪೆನಿಯಂಥ ದೊಡ್ಡ ಬಂಡವಾಳ ಬೇಕಾಯಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿಯನ್ನು ಹರಿಸಬೇಕಾಯಿತು. ಯಾವ ಕಳ್ಳರ ಗುಂಪೂ ಆ ಆಳಕ್ಕೆ ಇಳಿದು ಚಿನ್ನವನ್ನು ತೆಗೆದು ಕಾಡುಸೇರುವಂತಿರಲಿಲ್ಲ. ಆದುದರಿಂದ ಅಲ್ಲಿನ ವೈಮನಸ್ಯ ಕೂಲಿಕಾರರಿಗೂ ಕಂಪೆನಿಗೂ ನಡುವಣ ಹೋರಾಟವಾಗಿ ಪರಿಣಮಿಸಿತು. ಬೆರಳಚ್ಚಿನ ಕಟ್ಟಳೆಯನ್ನು ಪ್ರತಿಭಟಿಸಿ 1930ರಲ್ಲಿ ಗಣಿ ಕೆಲಸಗಾರರು ಹೂಡಿದ ಮುಷ್ಕರ ಆ ಬಗೆಯದು. ಗಂಧದ ಮರಕ್ಕಾದರೋ, ಒಂದು ಗುದ್ದಲಿ, ಒಂದು ಗರಗಸ, ಒಂದು ಕೊಡಲಿ ಇವಿಷ್ಟಿದ್ದರೆ ಆಯಿತು. ಇಬ್ಬರು ಇರುಳಿನಲ್ಲಿ ಬುಡವನ್ನು ಅಗೆದು, ಬಿಳಿಯ ಭಾಗವನ್ನು ಕೊಡಲಿಯಿಂದ ಕೆತ್ತಿ ಬಿಸುಟು, ಚೇಗಿನ ತುಂಡುಗಳನ್ನು ಗೋಣಿಯಲ್ಲಿ ಕಟ್ಟಿ, ತಲೆಯ ಮೇಲೆ ಹೊತ್ತು, ಬೆಳಗಾಗುವುದರೊಳಗೆ ಗಡಿಯನ್ನು ದಾಟಿಬಿಡಬಹುದು. ಬೆಳಗ್ಗೆ ಬಂದ ಗಾರ್ಡಿಗೆ ಕಾಣುವುದು ಒಂದು ಗುಂಡಿ, ಸುತ್ತಲೂ ಚೆಲ್ಲಿದ ಬಿಳಿಯ ಚಕ್ಕೆಗಳು.

ಮಲೆಯ ಮಹದೇಶ್ವರ ಬೆಟ್ಟದಿಂದ ಪಾಲಾರಿನವರೆಗೆ, ಅಲ್ಲಿಂದ ಗೋಪಿನಾಥಂ ಗ್ರಾಮದವರೆಗೆ ಹಬ್ಬಿದ ಕಾಡು ಕರ್ನಾಟಕ, ತಮಿಳುನಾಡು ಎಂಬ ಎರಡು ರಾಜ್ಯಗಳ ಸಂಧಿಸ್ಥಾನ. ಕೊಳ್ಳೇಗಾಲ ಸೀಮೆ 1956ರವರೆಗೆ ಮದರಾಸಿಗೆ ಸೇರಿದ್ದು, ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಮೈಸೂರಿಗೆ ಬಂದಿತು. ಸೋಲಿಗ ಬುಡಕಟ್ಟಿನವರೂ, ಮಹದೇಶ್ವರನ ಒಕ್ಕಲಿನವರೂ, ತಮಿಳು ಮಾತನಾಡುವ ಬೇಸಾಯಗಾರರೂ ಅಲ್ಲಿ ಒಟ್ಟಿಗೆ ಬಾಳುತ್ತಿದ್ದಾರೆ. ಮಳೆ ಕಡಿಮೆ, ಭೂಮಿ ಒರಟು, ಆಡಳಿತದ ಕೈ ದೂರ. ಅಂಥ ಊರಿನಲ್ಲಿ, ಇರುಳು ಒಂದು ಹೊರೆ ಹೊತ್ತರೆ ಹಗಲಿನ ಹಲವು ದಿನಗಳ ಕೂಲಿ ದೊರಕುವುದಾದರೆ, ಹೊರುವವನನ್ನು ದೂಷಿಸುವ ಮೊದಲು ಅವನ ಮನೆಯ ಒಲೆಯನ್ನು ನೋಡಬೇಕಾಗುತ್ತದೆ. ಆ ಗೋಪಿನಾಥಮ್ಮಿನಲ್ಲಿ ಹುಟ್ಟಿದ ವೀರಪ್ಪನ್ ಎಂಬಾತನು ಮೊದಲು ಆನೆಗಳ ದಂತವನ್ನೂ, ಅನಂತರ ಗಂಧವನ್ನೂ ಕದ್ದು ಸಾಗಿಸುತ್ತ, ಹೊರೆಯಾಳುಗಳ ಒಡೆಯನಾಗಿ, ಬಂದೂಕಿನವರ ನಾಯಕನಾಗಿ ಬೆಳೆದನು. 1986ರಲ್ಲಿ ಸೆರೆಸಿಕ್ಕಿದವನು ತಪ್ಪಿಸಿಕೊಂಡನು. 1992ರ ಮೇ ತಿಂಗಳಿನಲ್ಲಿ ರಾಮಾಪುರದ ಪೊಲೀಸ್ ಠಾಣೆಯ ಮೇಲೆ ಅವನ ಗುಂಪು ಎರಗಿತು. ಅದೇ ವರ್ಷದ ಆಗಸ್ಟ್ 14ರಂದು ಮೈಸೂರಿನ ಪೊಲೀಸ್ ಸೂಪರಿಂಟೆಂಡೆಂಟ್ ಹರಿಕೃಷ್ಣ ಮತ್ತು ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಅವರು ಹೊಂಚುದಾಳಿಗೆ ಬಲಿಯಾದರು. 1993ರ ಏಪ್ರಿಲ್ 9ರಂದು ಪಾಲಾರಿನ ಬಳಿ ನೆಲಬಾಂಬು ಸಿಡಿದು 22 ಜನ ಒಮ್ಮೆಗೇ ಮಡಿದರು. ಮರದ ಹಣ ಮದ್ದುಗುಂಡಾಗಿ ಹಿಂದಿರುಗಿ ಬಂದ ಬಗೆ ಇದು.

ಈ ಇತಿಹಾಸದಲ್ಲಿ ಒಬ್ಬ ಸತ್ಪುರುಷನನ್ನು ಕುರಿತು ನಿಧಾನವಾಗಿ ಹೇಳದೆ ಮುಂದುವರಿಯಲಾರೆ. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರು ಆಂಧ್ರದ ರಾಜಮಹೇಂದ್ರಿಯ ಕಡೆಯವರು. 1986ರಲ್ಲಿ ವೀರಪ್ಪನ್ ಸೆರೆಸಿಕ್ಕಿದ್ದು ಅವರ ಪ್ರಯತ್ನದಿಂದಲೇ. ಅವನು ತಪ್ಪಿಸಿಕೊಂಡ ಮೇಲೆ, ಬಂದೂಕಿನಿಂದಷ್ಟೇ ಈ ಕಾರ್ಯ ಆಗುವುದಿಲ್ಲವೆಂದು ಮನಗಂಡ ಅವರು, ವೀರಪ್ಪನ್ನನ ಹುಟ್ಟೂರಾದ ಗೋಪಿನಾಥಮ್ಮಿಗೇ ಹೋಗಿ ನೆಲೆಸಿದರು. ಕಾಯಿಲೆಯವರಿಗೆ ಔಷಧ ಸಿಗುವಂತೆ ಸಂಚಾರಿ ಚಿಕಿತ್ಸಾಲಯವನ್ನು ನಡೆಸಿದರು. ಕುಡಿಯುವ ನೀರಿಗೆ ವ್ಯವಸ್ಥೆ ಮಾಡಿದರು. ಬಡವರಿಗೆ ಮನೆಗಳನ್ನು ಕಟ್ಟಿಸಿಕೊಟ್ಟರು. ಊರಿನ ಮಾರಿಯಮ್ಮನ ಗುಡಿಯನ್ನು ನಿಲ್ಲಿಸಿದರು. ತಪ್ಪೊಪ್ಪಿ ಶರಣಾದವರಿಗೆ ಕೂಲಿಗೆಲಸವನ್ನು ಒದಗಿಸಿ ಮರಳಿ ಸಂಸಾರವಂತರನ್ನಾಗಿ ಮಾಡಿದರು. ಒಬ್ಬೊಬ್ಬರಾಗಿ ಗುಂಪಿನವರು ಹೊರಬಂದರು. ನೂರಾರು ಬಂದೂಕುಗಳಿಗೆ ಬಗ್ಗದ ಗುಂಪು ಒಂದು ದವಾಖಾನೆಗೆ ಕರಗತೊಡಗಿತು. ಆಗ ತಾನೂ ಶರಣಾಗುವೆನೆಂದು ವೀರಪ್ಪನ್ ಹೇಳಿಕಳುಹಿಸಿದನು. ಆ ಮಾತನ್ನು ನಂಬಿ, ಕೈಯಲ್ಲಿ ಆಯುಧವಿಲ್ಲದೆ, ಕಾಡಿನೊಳಗೆ ನಡೆದುಹೋದ ಶ್ರೀನಿವಾಸ್ ಅವರನ್ನು 1991ರ ನವೆಂಬರ್ 10ರಂದು ಅವನು ಕೊಂದು ಶಿರಚ್ಛೇದ ಮಾಡಿದನು. ರಾಷ್ಟ್ರ ಅವರಿಗೆ ಮರಣೋತ್ತರವಾಗಿ ಕೀರ್ತಿಚಕ್ರವನ್ನು ಅರ್ಪಿಸಿತು. ಗೋಪಿನಾಥಮ್ಮಿನ ಜನ ಅವರ ಭಾವಚಿತ್ರವನ್ನು ಮಾರಿಯಮ್ಮನ ಗುಡಿಯಲ್ಲಿಟ್ಟು ಇಂದಿಗೂ ಪೂಜಿಸುತ್ತಾರೆ. ಆ ಊರಿನಲ್ಲಿಯೇ ಹುಟ್ಟಿದವನಿಗೆ ದೊರಕದ ಗೌರವ, ಪರನಾಡಿನಿಂದ ಬಂದ ಅಧಿಕಾರಿಗೆ ದೊರಕಿದ್ದು, ಆತನು ಆ ಜನಕ್ಕೆ ಸಲ್ಲಬೇಕಾದುದನ್ನು ಸಲ್ಲಿಸಿದನೆಂಬ ಒಂದೇ ಕಾರಣದಿಂದ.

ಅವರ ಮರಣದ ಅನಂತರ ಆ ದಾರಿ ಮುಚ್ಚಿತು, ಬಂದೂಕಿನ ದಾರಿಯೊಂದೇ ಉಳಿಯಿತು. ಎರಡು ರಾಜ್ಯಗಳ ವಿಶೇಷ ಕಾರ್ಯಪಡೆಗಳು ಕಾಡನ್ನು ಹೊಕ್ಕವು. ತಮ್ಮ ಸಂಗಾತಿಗಳ ಹೆಣಗಳನ್ನು ಹೊತ್ತುತಂದ ಆ ಯೋಧರ ಕಷ್ಟವೂ ತ್ಯಾಗವೂ ಅಲ್ಪವಲ್ಲ. ಆದರೆ ಹಗಲು ಪಡೆಯವರಿಂದಲೂ ಇರುಳು ಗುಂಪಿನವರಿಂದಲೂ ಪ್ರಶ್ನಿಸಲ್ಪಟ್ಟ ಹಳ್ಳಿಯವರ ಪಾಡು ಹೇಳತೀರದು. ಅನ್ನ ಕೊಟ್ಟರೆ ಕಳ್ಳನ ನೆಂಟ, ಕೊಡದಿದ್ದರೆ ಸರ್ಕಾರದ ಬೇಹುಗಾರ. ಭಯೋತ್ಪಾದನೆಯನ್ನು ತಡೆಯುವ ಟಾಡಾ ಕಾಯಿದೆಯಡಿಯಲ್ಲಿ ಹಿಡಿಯಲ್ಪಟ್ಟ ಹಲವರು ಮೈಸೂರಿನ ಸೆರೆಮನೆಯಲ್ಲಿ ವರ್ಷಾನುಗಟ್ಟಲೆ ಕೊಳೆತು, ಕೊನೆಗೆ 2001ರಲ್ಲಿ ನಿರ್ದೋಷಿಗಳೆಂದು ಬಿಡುಗಡೆಯಾದರು. ಕಾರ್ಯಪಡೆಗಳ ಮೇಲೆ ಬಂದ ದೂರುಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ನ್ಯಾಯಮೂರ್ತಿ ಸದಾಶಿವ ಅವರ ನೇತೃತ್ವದಲ್ಲಿ ಸಮಿತಿಯನ್ನು ನೇಮಿಸಿತು. ಅದರ ಫಲವಾಗಿ 2007ರಲ್ಲಿ 89 ಮಂದಿಗೆ ಪರಿಹಾರ ಸಲ್ಲಬೇಕೆಂದು ಆಯೋಗ ಆದೇಶಿಸಿತು. ಮರದ ಸಂಪತ್ತಿನಲ್ಲಿ ಕಾಸಿನ ಪಾಲೂ ಇಲ್ಲದ ಜನ ಅದರ ಕಲಹದಲ್ಲಿ ಮಾತ್ರ ತುಂಬಿದ ಪಾಲನ್ನು ಹೊರಬೇಕಾಯಿತು.

ಈ ಕಲಹ ಕಾಡಿನಲ್ಲಿಯೇ ನಿಲ್ಲಲಿಲ್ಲ. 2000ದ ಜುಲೈ 30ರ ರಾತ್ರಿ, ಗಾಜನೂರಿನ ತಮ್ಮ ಮನೆಯಿಂದ ಚಿತ್ರನಟ ಡಾ. ರಾಜಕುಮಾರ್ ಅವರು ವೀರಪ್ಪನ್ನನಿಂದ ಅಪಹೃತರಾದ ಸುದ್ದಿ ಬಂದಾಗ ಬೆಂಗಳೂರು ತಲ್ಲಣಿಸಿತು. ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳು ಬಾಗಿಲಿಕ್ಕಿದವು. ಅದರ ಪಕ್ಕದಲ್ಲಿಯೇ ಇರುವ ನಮ್ಮ ಬಳೇಪೇಟೆ, ಚಿಕ್ಕಪೇಟೆಗಳು ಕದ ಮುಚ್ಚಿಕೊಂಡವು. 108 ದಿನಗಳ ಕಾಲ ನಾಡು ಉಸಿರು ಬಿಗಿಹಿಡಿದು ಕಾಯಿತು. ಆ ದಿನಗಳಲ್ಲಿ ಒತ್ತೆಯಾಗಿಟ್ಟುಕೊಂಡವನು ಮುಂದಿಟ್ಟ ಬೇಡಿಕೆಗಳನ್ನು ನೋಡಿದರೆ ಈ ಭಾಷಣದ ವಿಷಯ ಇನ್ನಷ್ಟು ನಿಚ್ಚಳವಾಗುತ್ತದೆ: ಕಾವೇರಿ ನೀರಿನ ಮಧ್ಯಂತರ ತೀರ್ಪಿನ ಜಾರಿ, 1991ರ ಕಾವೇರಿ ಗಲಭೆಯಲ್ಲಿ ನೊಂದ ತಮಿಳರಿಗೆ ಪರಿಹಾರ, ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆಯ ಅನಾವರಣ. ಒಂದು ಮರದ ಕಳ್ಳಸಾಗಣೆಯಿಂದ ಹುಟ್ಟಿದ ಹಗೆ ಒಂದು ನದಿಯ ನೀರಿನ ವ್ಯಾಜ್ಯವನ್ನು ತಬ್ಬಿಕೊಂಡು, ಎರಡು ಭಾಷೆಗಳ ನೆರೆಹೊರೆಯವರ ನಡುವೆ ಬೆಂಕಿಯಿಡುವ ಅಪಾಯವನ್ನು ತಂದೊಡ್ಡಿತು. ಬಳೇಪೇಟೆಯ ಒಂದೇ ಸಾಲಿನಲ್ಲಿ ಕನ್ನಡದವರ, ತಮಿಳರ, ತೆಲುಗರ, ಮಾರವಾಡಿಗಳ ಅಂಗಡಿಗಳು ಗೋಡೆಗೆ ಗೋಡೆ ತಗುಲಿಕೊಂಡಿವೆ. ಇಲ್ಲಿ ಬೆಂಕಿ ಬಿದ್ದರೆ ಯಾರ ಅಂಗಡಿ ಉಳಿದೀತು? ಒತ್ತೆಯಾಳಿನ ಬಿಡುಗಡೆಗಾಗಿ ಸರ್ಕಾರ ಕಾಡಿನ ಆರೋಪಿಗಳ ಮೇಲಿನ ಟಾಡಾ ಆರೋಪಗಳನ್ನು ಹಿಂತೆಗೆದುಕೊಳ್ಳಲು ಹೊರಟಾಗ, ಹೊಂಚುದಾಳಿಯಲ್ಲಿ ಮಗನನ್ನು ಕಳೆದುಕೊಂಡ ವೃದ್ಧ ತಂದೆಯೊಬ್ಬರು, ಶಕೀಲ್ ಅಹಮದ್ ಅವರ ತಂದೆ, ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿ ಅದನ್ನು ತಡೆದರು. ಒತ್ತೆಯಾಳಾದ ಕಲಾವಿದರ ಪ್ರಾಣಕ್ಕಾಗಿ ನಾಡು ಮರುಗುತ್ತಿದ್ದ ಹೊತ್ತಿನಲ್ಲಿ, ಸತ್ತ ಮಗನಿಗೂ ನ್ಯಾಯ ಸಲ್ಲಬೇಕೆಂದ ಆ ತಂದೆಯ ಮಾತೂ ಧರ್ಮವೇ ಆಗಿತ್ತು. ಧರ್ಮಕ್ಕೂ ಧರ್ಮಕ್ಕೂ ತಾಕಲಾಟವಾಗುವ ಸ್ಥಿತಿಯನ್ನು ತರುವುದೇ ಇಂಥ ಕಲಹಗಳ ಅತಿ ದೊಡ್ಡ ಕ್ರೌರ್ಯ.

2004ರ ಅಕ್ಟೋಬರ್ 18ರಂದು ಧರ್ಮಪುರಿಯ ಪಾಪ್ಪಾರಪಟ್ಟಿಯ ಬಳಿ ವೀರಪ್ಪನ್ ಹತನಾದನು. ಅದರ ಹಿಂದಿನ ದಶಕಗಳಲ್ಲಿ ನೂರಕ್ಕೂ ಮಿಕ್ಕಿ ಜನ ಅವನಿಂದ ಹತರಾಗಿದ್ದರು. ಅಷ್ಟು ಹೊತ್ತಿಗೆ ಕಾಡಿನಲ್ಲಿ ಬಲಿತ ಗಂಧದ ಮರಗಳೂ ಬಹುಪಾಲು ಮುಗಿದಿದ್ದವು. ಕರ್ನಾಟಕ, ತಮಿಳುನಾಡುಗಳೆರಡೇ ಭಾರತದ ಗಂಧದ ಸೀಮೆಯ ಬಹುಭಾಗವನ್ನು ಹೊಂದಿದ್ದ ಕಾಲ ಹೋಗಿ, ಇಂದು ನಮ್ಮ ಶ್ರೀಗಂಧವನ್ನೇ ಆಸ್ಟ್ರೇಲಿಯದ ವಾಯವ್ಯ ಭಾಗದ ತೋಟಗಳಲ್ಲಿ ಎಕರೆಗಟ್ಟಲೆ ಬೆಳೆದು ಲೋಕಕ್ಕೆ ಮಾರುತ್ತಿದ್ದಾರೆ. 2001ರಲ್ಲಿ ಕರ್ನಾಟಕ ಸರ್ಕಾರ ಅರಣ್ಯ ಕಾಯಿದೆಯನ್ನು ತಿದ್ದುಪಡಿ ಮಾಡಿ, ನೆಲದೊಡೆಯನೇ ತನ್ನ ನೆಲದ ಗಂಧದ ಮರಕ್ಕೆ ಒಡೆಯನೆಂದು ಒಪ್ಪಿಕೊಂಡಿತು. ಎರಡು ಶತಮಾನಗಳ ಕಟ್ಟಳೆ ಆ ಒಂದು ವಾಕ್ಯದಿಂದ ಬದಲಾಯಿತು. ಸಸಿಯನ್ನು ಕೀಳುತ್ತಿದ್ದ ಕೈಗಳೇ ಇಂದು ಸಸಿಯನ್ನು ನೆಡುತ್ತಿವೆ; ತೊಗರಿಯನ್ನೋ ನೆಲ್ಲಿಯನ್ನೋ ಜೊತೆಗಿಟ್ಟು, ಬೇಲಿ ಹಾಕಿ, ನಾಯಿ ಕಟ್ಟಿ, ಇರುಳೆಲ್ಲ ಕಾಯುತ್ತಿವೆ. ಕಳ್ಳರ ಕಾಟ ಇನ್ನೂ ನಿಂತಿಲ್ಲ. ಬೆಂಗಳೂರಿನ ಉದ್ಯಾನಗಳಲ್ಲಿಯೇ ಮರಗಳು ಮಾಯವಾಗುತ್ತಿವೆ. ಆದರೂ ಸರ್ಕಾರದ ಗಾರ್ಡು ಕಾಯಲಾರದೆ ಹೋದುದನ್ನು ಇಂದು ಒಕ್ಕಲಿಗ ಕಾಯುತ್ತಿದ್ದಾನೆ, ಏಕೆಂದರೆ ಅದು ಅವನದು.

ಹಾಗಾದರೆ ಎಲ್ಲ ಸಂಪತ್ತನ್ನೂ ಒಬ್ಬೊಬ್ಬರಿಗೆ ಹಂಚಿಬಿಡಬೇಕೇ ಎಂದು ಶ್ರೋತೃಗಳು ಕೇಳಬಹುದು. ಆಫ್ರಿಕದ ಬೋಟ್ಸ್ವಾನ ದೇಶ ಇದಕ್ಕೆ ಉತ್ತರ ಹೇಳುತ್ತದೆ. 1966ರಲ್ಲಿ ಸ್ವತಂತ್ರವಾದ ಆ ಬಡದೇಶದಲ್ಲಿ, ಮರುವರ್ಷ ಓರಾಪಾ ಎಂಬಲ್ಲಿ ವಜ್ರ ಪತ್ತೆಯಾಯಿತು. ಆ ನೆಲ ಅಧ್ಯಕ್ಷ ಸೆರೆಟ್ಸೆ ಖಾಮಾ ಅವರ ಸ್ವಂತ ಕುಲದ ಸೀಮೆಗೆ ಸೇರಿದ್ದು. ಖನಿಜದ ಹಕ್ಕನ್ನು ತಮ್ಮ ಕುಲಕ್ಕೆ ಉಳಿಸಿಕೊಳ್ಳದೆ ಇಡೀ ರಾಷ್ಟ್ರಕ್ಕೆ ಒಪ್ಪಿಸುವ ಶಾಸನಕ್ಕೆ ಅವರು ಮುಂದಾದರು. ಬಂದ ಹಣದಿಂದ ಶಾಲೆಗಳೂ ಆಸ್ಪತ್ರೆಗಳೂ ರಸ್ತೆಗಳೂ ಎದ್ದವು. ಸಿಯೆರ್ರಾ ಲಿಯೋನನ್ನು ಸುಟ್ಟ ವಜ್ರವೇ ಬೋಟ್ಸ್ವಾನವನ್ನು ಸಾಕಿತು. ಅಲ್ಲಿ ಅಂತರ್ಯುದ್ಧ ನಡೆದೇ ಇಲ್ಲ. ಅಲ್ಲಿಯೂ ಖನಿಜದ ಒಡೆತನ ಸರ್ಕಾರದ್ದೇ. ಆದರೆ ಒಡೆತನದ ಫಲ ಜನರ ಕಣ್ಣಿಗೆ ಕಾಣುವಂತೆ ಜನರ ಬಳಿಗೆ ಬಂದಿತು. ನಮ್ಮ ಬಳ್ಳಾರಿಯಲ್ಲಿ ಆದದ್ದು ಇದಕ್ಕೆ ವಿರುದ್ಧ. ಸಂಡೂರಿನ ಬೆಟ್ಟಗಳ ಕಬ್ಬಿಣದ ಅದಿರು ಲಾರಿಗಳಲ್ಲಿ ಬಂದರಿಗೆ ಹರಿದುಹೋಗುತ್ತಿದ್ದ ವರ್ಷಗಳಲ್ಲಿ ದಾರಿಯ ಹೊಲಗಳ ಮೇಲೆ ಕೆಂಧೂಳು ಮುಚ್ಚಿತು, ರೈತನ ಬೆಳೆ ಕೆಟ್ಟಿತು, ಹಣ ಕೆಲವರ ಕೈಯಲ್ಲಿ ನಿಂತು ರಾಜ್ಯದ ರಾಜಕಾರಣವನ್ನೇ ಅಲುಗಿಸಿತು. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2011ರ ಜುಲೈ 27ರಂದು ವರದಿಯನ್ನೊಪ್ಪಿಸಿದರು. ಎರಡು ದಿನಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಅಲ್ಲಿ ಬಂದೂಕು ಏಳದಿದ್ದುದಕ್ಕೆ ಅದಿರು ಭಾರವಾದ ಸರಕೆಂಬುದೂ, ನ್ಯಾಯಾಲಯವೊಂದು ಎಚ್ಚರವಾಗಿತ್ತೆಂಬುದೂ ಕಾರಣ. 2015ರ ಕಾಯಿದೆ ತಿದ್ದುಪಡಿ ಗಣಿಗಾರಿಕೆಯ ಜಿಲ್ಲೆಗಳಲ್ಲಿ ಖನಿಜ ಪ್ರತಿಷ್ಠಾನಗಳನ್ನು ಸ್ಥಾಪಿಸಿ, ಒಂದು ಪಾಲು ಹಣ ಬಾಧಿತ ಗ್ರಾಮಗಳಿಗೇ ಸಲ್ಲಬೇಕೆಂದು ವಿಧಿಸಿತು. ಆ ಹಣ ನಿಜವಾಗಿ ಊರಿಗೆ ತಲಪುವಂತೆ ಕಣ್ಣಿಡುವುದು ಆ ಊರಿನವರ ಹಕ್ಕೂ ಹೌದು, ನಮ್ಮೆಲ್ಲರ ಕರ್ತವ್ಯವೂ ಹೌದು.

ಕಾಡಿನ ಕಡೆಗೆ ಮತ್ತೆ ನೋಡಿದರೆ, ಭರವಸೆಗೂ ಎಡೆಯುಂಟು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ, 2006ರ ಅರಣ್ಯ ಹಕ್ಕುಗಳ ಕಾಯಿದೆಯಡಿಯಲ್ಲಿ, 2011ರಲ್ಲಿ ಸಮುದಾಯದ ಹಕ್ಕುಪತ್ರಗಳು ದೊರೆತವು. ಜೇನು, ನೆಲ್ಲಿಕಾಯಿ, ಕಲ್ಲುಹೂ ಇವನ್ನು ಕಳ್ಳರಂತೆ ಅಂಜಂಜುತ್ತ ತರುತ್ತಿದ್ದ ಜನ ಪೋಡುಗಳೆಂಬ ತಮ್ಮ ಹಾಡಿಗಳ ಗ್ರಾಮಸಭೆಯ ಮೂಲಕ ತಲೆಯೆತ್ತಿ ತರುವ ದಾರಿಯಾಯಿತು. ಹುಲಿಯ ಕಾಡಿನಲ್ಲಿಯೇ ಮನುಷ್ಯನ ಹಕ್ಕನ್ನೂ ಒಪ್ಪಿಕೊಂಡ ಆ ಕ್ರಮ, ಗೋಪಿನಾಥಮ್ಮಿನಲ್ಲಿ ಶ್ರೀನಿವಾಸ್ ಅವರು ಒಂಟಿಯಾಗಿ ತುಳಿದ ಹಾದಿಯನ್ನೇ ಶಾಸನದ ಹಾದಿಯಾಗಿ ಮಾಡಿತೆನ್ನಬಹುದು.

ಮಾನ್ಯ ಶ್ರೋತೃಗಳೆ, ಇಷ್ಟನ್ನೆಲ್ಲ ನೋಡಿದ ಮೇಲೆ ನನಗೆ ದೃಢವಾಗಿ ತೋರುವುದು ಇದು: ನೆಲದ ಸಿರಿ ಯಾರ ಅಂಗಳದಲ್ಲಿದೆಯೋ ಅವರಿಗೆ ಅದರಲ್ಲಿ ನ್ಯಾಯವಾದ ಪಾಲು ಇಲ್ಲದಿದ್ದರೆ, ಆ ಸಿರಿಯನ್ನು ಯಾವ ಪಡೆಯೂ ಕಾಯಲಾರದು, ಪಾಲು ಇದ್ದರೆ ಪಡೆಯ ಅಗತ್ಯವೇ ಕಡಿಮೆ. ಆ ಪಾಲು ಒಡೆತನವಾಗಿ ಬರಲಿ, ಶಾಲೆಯಾಗಿ ಬರಲಿ, ದವಾಖಾನೆಯಾಗಿ ಬರಲಿ. ಬಂದದ್ದು ಅವರ ಕಣ್ಣಿಗೆ ಕಾಣುವಂತಿರಬೇಕು, ಕೇಳಿದಾಗ ಲೆಕ್ಕ ಸಿಗುವಂತಿರಬೇಕು. ನಗರದಲ್ಲಿರುವ ನಮಗೂ ಇದರಲ್ಲಿ ಒಂದು ಹೊಣೆಯಿದೆ. ಗಂಧವನ್ನು ಕೊಳ್ಳುವಾಗ ಪರವಾನಗಿಯುಳ್ಳ ವರ್ತಕರಲ್ಲಿಯೇ ಕೊಂಡು ರಸೀದಿಯನ್ನು ಕೇಳಿ ಪಡೆಯೋಣ. ಅಗ್ಗವಾಗಿ ಸಿಕ್ಕಿತೆಂದು ಕಳ್ಳಮಾಲಿಗೆ ಕೈಯೊಡ್ಡದಿರೋಣ. ನೆಲದ ಸಂಪತ್ತಿನ ಪ್ರಶ್ನೆ ವಿಧಾನಸಭೆಯಲ್ಲಿ ಬಂದಾಗ, ಎಷ್ಟು ಆದಾಯವಾಯಿತೆಂದು ಕೇಳಿ ಸುಮ್ಮನಾಗದೆ, ಆ ನೆಲದವರಿಗೆ ಎಷ್ಟು ಸಂದಿತೆಂದೂ ನಮ್ಮ ಪ್ರತಿನಿಧಿಗಳನ್ನು ಕೇಳೋಣ. ಕಾಡಂಚಿನ ಒಂದು ಊರಿನಲ್ಲಿ ನ್ಯಾಯ ನೆಲೆಗೊಂಡರೆ ನಮ್ಮ ಪೇಟೆಯಲ್ಲಿ ಶಾಂತಿ ನೆಲೆಗೊಳ್ಳುತ್ತದೆ. ಇದನ್ನು ಮರೆಯದಿರಬೇಕೆಂದು ತಮ್ಮೆಲ್ಲರನ್ನೂ ಪ್ರಾರ್ಥಿಸುತ್ತೇನೆ.